ನೂರು ವರ್ಷ ಮುಚ್ಚಿಡಬೇಕಾದ ಮಾತು

ನಾಲ್ಕನೇ ಸಲ ಬೆಲ್ ಒತ್ತಿದ ಮೇಲೆ ಒಳಗಿನಿಂದ ಯಾರೋ ಮೆಟ್ಟಿಲಿಳಿದು ಬರುವ ಸದ್ದಾಯಿತು. ದಡ... ದಡ... ದಡ... ಒಂದೊಂದು ಮೆಟ್ಟಿಲಿಗೂ ಒಂದೊಂದು ಸಿಟ್ಟು.

ಬಾಗಿಲು ತೆರೆಯಿತು. ಕೆದರಿದ ಕೂದಲು, ಕೆನ್ನೆಯ ಮೇಲೆ ದಿಂಬಿನ ಗೆರೆ, ಒಳಮೈ ಹೊರಗೆ ಮಾಡಿ ತೊಟ್ಟ ಟೀ ಶರ್ಟು. ಮಧ್ಯಾಹ್ನ ಹನ್ನೆರಡೂವರೆಗೆ ಮಲಗಿದ್ದು ಎದ್ದು ಬಂದ ಮುಖ.

"ಯೆಸ್?"

ವಿನೋದಿನಿ ಕೊರಳಲ್ಲಿ ತೂಗುತ್ತಿದ್ದ ಗುರುತಿನ ಚೀಟಿಯನ್ನು ಎತ್ತಿ ತೋರಿಸಿ, ಬಾಯಿಪಾಠ ಮಾಡಿದ್ದ ಇಂಗ್ಲಿಷ್ ಸಾಲುಗಳನ್ನು ಒಪ್ಪಿಸಿದಳು. ಇದು ಜನಗಣತಿಯ ಫಾರ್ಮು. ಏಪ್ರಿಲ್ ಮೂರರ ಭಾನುವಾರ ರಾತ್ರಿ ಈ ಮನೆಯಲ್ಲಿ ಇರುವವರೆಲ್ಲರ ವಿವರ ತುಂಬಬೇಕು. ಆಮೇಲೆ ತಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.

ಅವನು ಫಾರ್ಮು ಇಸಿದುಕೊಂಡ. ಬಾಗಿಲು ಮುಚ್ಚುತ್ತ ತನ್ನಷ್ಟಕ್ಕೆ ಗೊಣಗಿದ.

"ಎಂತ ಸಾವು ಮಾರಾಯ... ಈಗಷ್ಟೇ ನಿದ್ದೆ ಹತ್ತಿತ್ತು."

ಕನ್ನಡ... ಅದೂ ಮಂಗಳೂರಿನ ಕನ್ನಡ... ಐರ್ಲೆಂಡಿನ ಡನ್‌ಡಾಕ್ ಊರಿನ ಈ ಬೀದಿಯಲ್ಲಿ!

"ತಲೆ ಎಣಿಸೋಕೆ ಬಂದಿದ್ದು ರೀ," ಅಂದಳು ವಿನೋದಿನಿ, "ನಿದ್ದೆ ಕೆಡಿಸೋಕಲ್ಲ."

ಬಾಗಿಲು ಅರ್ಧಕ್ಕೆ ನಿಂತಿತು. ಅವನ ಕಿವಿ ಮೊದಲು ಕೆಂಪಾಯಿತು, ಆಮೇಲೆ ಕತ್ತು. ಗಂಟಲು ಸರಿಮಾಡಿಕೊಂಡು ಏನೋ ಹೇಳಲು ಹೋದ, ಆಗಲಿಲ್ಲ. ತಿರುಗಾಮುರುಗಾ ತೊಟ್ಟ ಟೀ ಶರ್ಟು ಆಗ ಕಣ್ಣಿಗೆ ಬಿದ್ದಿರಬೇಕು. ಬಾಗಿಲ ಹಿಂದೆ ಅಡಗಿ, ತಲೆ ಮಾತ್ರ ಹೊರಗಿಟ್ಟು, ಹೆಸರು ಲಾಯ್ಡ್, ಊರು ಮೂಡುಬಿದಿರೆ ಕಡೆ ಎಂದ. ಒಂದು ತಲೆಯಂತೂ ಅಲ್ಲಿಗೇ ಎಣಿಕೆಗೆ ಸಿಕ್ಕಿತು.

ಆ ದಿನ ವಿನೋದಿನಿ ಉಳಿದ ಹದಿನೆಂಟು ಮನೆಗಳಿಗೆ ನಗುತ್ತಲೇ ಫಾರ್ಮು ಹಂಚಿದಳು.

* * *

ವಿನೋದಿನಿ ಬೆಂಗಳೂರಿನ ವಿಜಯನಗರದ ಹುಡುಗಿ. ಡನ್‌ಡಾಕ್‌ನಲ್ಲಿ ಎಂಎಸ್ಸಿ ಮುಗಿಸಿ ಐದು ತಿಂಗಳಾಗಿತ್ತು. ಓದಿದ್ದು ಡೇಟಾ. ಕೆಲಸಕ್ಕೆ ಹಾಕಿದ ಅರ್ಜಿಗಳ ಡೇಟಾವೇ ಒಂದು ಪ್ರಾಜೆಕ್ಟಿಗೆ ಆಗುವಷ್ಟಿತ್ತು. ಕಡೆಗೆ ಸಿಕ್ಕಿದ್ದು ಜನಗಣತಿಯ ಹತ್ತು ವಾರದ ಕೆಲಸ. ಹೆಗಲಿಗೆ ಚೀಲ, ಕೈಗೊಂದು ಫೋನು, ನಾನೂರು ಚಿಲ್ಲರೆ ಬಾಗಿಲು.

ಸೇರುವ ದಿನ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಬಾಗಿಲ ಆಚೆ ಕೇಳಿದ್ದು ಬಾಗಿಲ ಈಚೆ ಬರುವಂತಿಲ್ಲ. ಫಾರ್ಮುಗಳನ್ನು ನೂರು ವರ್ಷ ಯಾರಿಗೂ ತೋರಿಸುವುದಿಲ್ಲ. ಅವಳ ಮೇಲ್ವಿಚಾರಕಿ ಬ್ರೀಡ್, ಮಾತಿಗೆ ಮುಂಚೆ 'ಗ್ರ್ಯಾಂಡ್' ಎಂದು, ಅಂದರೆ ಇಲ್ಲಿಯವರ 'ಸರಿ ಬಿಡು' ಎಂದು, ಹೇಳುವ ಅರವತ್ತರ ಹೆಂಗಸು, ಅದೊಂದು ವಿಷಯ ಹೇಳುವಾಗ ಮಾತ್ರ ಕನ್ನಡಕ ತೆಗೆದಿಟ್ಟು ಹೇಳಿದ್ದಳು.

ಅದೇ ಬೀದಿಗಳಲ್ಲಿ ವಿನೋದಿನಿ ಊರನ್ನು ಮೊದಲ ಸಲ ಕಂಡಳು. ಲಿಥುವೇನಿಯಾದ ಅಜ್ಜಿಗೆ ಇಂಗ್ಲಿಷ್ ಬಾರದು, ಆದರೆ ಪ್ರತಿ ಸಲ ಬೀಟ್‌ರೂಟ್ ಸಾರು ಕುಡಿಸದೆ ಬಿಡಳು. ನೈಜೀರಿಯಾದ ಮನೆಯ ನಾಲ್ಕು ಮಕ್ಕಳು ಅಪ್ಪನ ಮಾತಿಗೆ ಅಪ್ಪಟ ಡನ್‌ಡಾಕ್ ಧಾಟಿಯಲ್ಲಿ ಉತ್ತರ ಕೊಡುವವು. ಮೂಲೆಮನೆಯ ಐರಿಶ್ ಮುದುಕ ತನ್ನ ನಾಯಿಗೂ ಒಂದು ಸಾಲು ಬೇಕೆಂದು ಹಟ ಹಿಡಿದಿದ್ದ. ಒಂದು ಮನೆಯ ಹಿಂಬದಿ ಕೋಣೆಗೆ ಯುಕ್ರೇನಿನ ತಾಯಿಮಗಳು ಹಿಂದಿನ ವಾರವಷ್ಟೇ ಬಂದಿದ್ದರು. ಅವರ ಸೂಟ್‌ಕೇಸು ಇನ್ನೂ ಬಾಗಿಲಲ್ಲೇ ಇತ್ತು.

ಇವರೆಲ್ಲರ ದನಿಯೂ ವಿನೋದಿನಿಯ ಕಿವಿಯಲ್ಲಿ ಅಂಟಿಕೊಳ್ಳುತ್ತಿತ್ತು. ಅದು ಅವಳ ಹುಟ್ಟುಗುಣ. ಒಮ್ಮೆ ಕೇಳಿದ ದನಿ ಬಾಯಿಗೆ ಬಂದುಬಿಡುವುದು. ಡನ್‌ಡಾಕ್‌ನ ಕನ್ನಡದವರ ಯಾವ ಊಟದ ಕೂಟವೂ ಅವಳ ಮಿಮಿಕ್ರಿಯಿಲ್ಲದೆ ಮುಗಿಯುತ್ತಿರಲಿಲ್ಲ. ಕೆಲಸವಿಲ್ಲದ ಹುಡುಗಿಗೆ ಆ ಚಪ್ಪಾಳೆಯೇ ಸಂಬಳ.

ಸಂಜೆ ಜನ ಮನೆ ಸೇರುವ ಹೊತ್ತು ಅವಳ ಕೆಲಸ ಶುರು. ಅದೇ ಹೊತ್ತಿಗೆ ಲಾಯ್ಡ್ ಕೆಲಸಕ್ಕೆ ಹೊರಡುತ್ತಿದ್ದ. ವೃದ್ಧರ ಆರೈಕೆ ಮನೆಯೊಂದರಲ್ಲಿ ಅವನಿಗೆ ರಾತ್ರಿ ಪಾಳಿ. ಬಸ್ ಸ್ಟಾಪಿನವರೆಗಿನ ದಾರಿಯಲ್ಲಿ ಒಂದು ದಿನ ಸಿಕ್ಕ. ಮರುದಿನವೂ ಸಿಕ್ಕ. ಮೂರನೇ ದಿನ ಇಬ್ಬರೂ 'ಸಿಕ್ಕಿದ್ದು' ಎನ್ನುವುದನ್ನು ಬಿಟ್ಟರು. ಅವಳಿಗಾಗಿ ಅವನು ಹತ್ತು ನಿಮಿಷ ಮುಂಚೆ ಹೊರಡುತ್ತಿದ್ದ, ಅವನಿಗಾಗಿ ಅವಳು ಬೇಕಿಲ್ಲದ ಬೀದಿಯಿಂದ ಸುತ್ತಿ ಬರುತ್ತಿದ್ದಳು. 'ನೀವು' ಎರಡನೇ ವಾರಕ್ಕೆ 'ನೀನು' ಆಯಿತು.

ಜನಗಣತಿಗೆ ಹೊರಟವಳು ಒಬ್ಬನನ್ನೇ ಮತ್ತೆ ಮತ್ತೆ ಎಣಿಸುತ್ತಿದ್ದಳು.

ಒಮ್ಮೆ ಅವನನ್ನೂ ಕನ್ನಡ ಕೂಟಕ್ಕೆ ಕರೆದಿದ್ದಳು. ತನಗೆ ಅಲ್ಲಿ ಯಾರ ಪರಿಚಯವೂ ಬೇಡ, ಆ ಕಡೆ ತಾನು ಹೋಗುವುದೇ ಇಲ್ಲ ಎಂದು ಅವನು ಮಾತು ಬದಲಿಸಿದ್ದ. ಯಾಕೆಂದು ಅವಳು ಕೇಳಲಿಲ್ಲ.

* * *

ಏಪ್ರಿಲ್ ಮೂರು ಕಳೆಯಿತು. ಆ ವಾರದ ಮಂಗಳವಾರ ವಿನೋದಿನಿ ಫಾರ್ಮಿಗಾಗಿ ಅವನ ಬಾಗಿಲಿಗೆ ಬಂದಳು. ಲಾಯ್ಡ್ ಹೊರಗೆ ಬಂದು ಬಾಗಿಲನ್ನು ಹಿಂದಿನಿಂದ ಎಳೆದುಕೊಂಡ. ಇನ್ನೂ ಎಲ್ಲರದ್ದೂ ತುಂಬಿ ಆಗಿಲ್ಲ, ತನಗೊಂದು ಸಂಶಯ ಉಂಟು ಎಂದ. ಕಿವಿಯ ಹಿಂದೆ ತುರಿಸಿಕೊಂಡು, ಗಂಟಲು ಸರಿಮಾಡಿಕೊಂಡ.

"ಅಲ್ಲ ಮಾರಾಯ್ತಿ... ಭಾನುವಾರ ರಾತ್ರಿ ನನಗೆ ಡ್ಯೂಟಿ. ನನ್ನ ಹಾಸಿಗೆಯಲ್ಲಿ ಎಡ್ಸನ್ ಇದ್ದ. ಹಾಗಾದ್ರೆ ನಾನು ಎಲ್ಲಿದ್ದೆ ಅಂತ ಬರೀಲಿಕ್ಕೆ?"

ಅವಳಿಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ಮೂರು ಕೋಣೆಯ ಮನೆಯಲ್ಲಿ ಏಳು ಜನ. ಮೊದಲಿದ್ದ ಮನೆಯನ್ನು ಮಾಲೀಕ ಮಾರಿದ ಮೇಲೆ ಎರಡು ವರ್ಷದಿಂದ ಬೇರೆ ಮನೆ ಸಿಕ್ಕಿಲ್ಲ. ಎಡ್ಸನ್ ಬ್ರೆಜಿಲ್‌ನವನು, ಮಾಂಸದ ಕಾರ್ಖಾನೆಯಲ್ಲಿ ಹಗಲು ಕೆಲಸ. ಇಬ್ಬರಿಗೂ ಸೇರಿ ಒಂದು ಮಂಚ. ರಾತ್ರಿ ಅವನದ್ದು, ಹಗಲು ಇವನದ್ದು. ಇಬ್ಬರಿಗೂ ರಜೆ ಬಂದ ದಿನ ಒಬ್ಬ ಸೋಫಾದಲ್ಲಿ.

ವಿನೋದಿನಿಗೆ ನಗು ಬಂತು. ಅವನ ಮುಖ ನೋಡಿ ನುಂಗಿಕೊಂಡಳು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೇ ಬರುವವರನ್ನು ಮನೆಯಲ್ಲೇ ಎಣಿಸುತ್ತಾರೆ, ಇಲ್ಲೇ ಬರಿ ಎಂದಳು.

"ಇದು ಹೊರಗೆ ಹೋಗುದಿಲ್ಲ ಅಲ್ವಾ?" ಅವನ ದನಿ ತಗ್ಗಿತು. "ಅಮ್ಮನಿಗೆ ಸ್ವಂತ ರೂಮ್ ಉಂಟು ಅಂತ ಹೇಳಿದ್ದೇನೆ. ಕಿಟಕಿಯಿಂದ ಒಂದು ಮರ ಕಾಣ್ತದೆ ಅಂತ ಸಹ ಹೇಳಿದ್ದೇನೆ."

"ನೂರು ವರ್ಷ ಯಾರೂ ನೋಡೋ ಹಾಗಿಲ್ಲ. ನಾನು ಬಾಯಿಬಿಟ್ರೆ ನನ್ನ ಮೇಲೇ ಕೇಸು."

"ನೂರು ವರ್ಷ ಆದ ಮೇಲೆ?"

"ಆಗ ನಮ್ಮ ಮೊಮ್ಮಕ್ಕಳು ಓದ್ಕೊಂಡು ನಗ್ತಾರೆ, ಬಿಡು."

'ನಮ್ಮ' ಎಂದದ್ದು ಬಾಯಿಂದ ಹೊರಬಿದ್ದ ಮೇಲೆ ಅವಳಿಗೆ ಕೇಳಿಸಿತು. ಅವನಿಗೂ ಕೇಳಿಸಿತ್ತು. ಇಬ್ಬರೂ ಎದುರುಮನೆಯ ಕಸದ ತೊಟ್ಟಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

* * *

ಯುಗಾದಿ, ಈಸ್ಟರ್ ಎರಡೂ ಮುಗಿದ ಮೇಲಿನ ಶನಿವಾರ ಕನ್ನಡದವರ ಊಟ. ಊರಿನಲ್ಲಿರುವುದೇ ಇಪ್ಪತ್ತೈದು ಮನೆ. ಹಾಗಾಗಿ ಹಿಂದೂಗಳ ಹೋಳಿಗೆ, ಕ್ಯಾಥೊಲಿಕರ ಇಡ್ಲಿಯಂಥ ಸನ್ನಣ ಒಂದೇ ಮೇಜಿಗೆ ಬರುತ್ತಿದ್ದವು. ಚರ್ಚಿನ ಪಕ್ಕದ ಸಭಾಂಗಣ, ಮಡಚುವ ಕುರ್ಚಿಗಳು, ಗೋಡೆಗೆ ಕಾಗದದ ಮಾವಿನೆಲೆ.

ಕೂಟ ನಡೆಸುತ್ತಿದ್ದವಳು ನರ್ಸ್ ಕೆಲಸದ ಲವೀನಾ. ಎಲ್ಲರಿಗೂ ಲವೀನಾ ಅಕ್ಕ. ಈ ಸಲ ಊರಿನಿಂದ ಬಂದಿದ್ದ ತನ್ನ ಚಿಕ್ಕಮ್ಮನನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದಳು. ಮೇರಿ ಆಂಟಿ. ಹತ್ತಿ ಸೀರೆಯ ಮೇಲೆ ಲವೀನಾಳ ದಪ್ಪ ಜಾಕೆಟ್ಟು. ಏನು ಹೇಳಿದರೂ ಹೊಟ್ಟೆ ಹಿಡಿದುಕೊಂಡು ನಗುವ ಹೆಂಗಸು. ಇಂಥವರೊಬ್ಬರು ಮುಂದೆ ಕೂತಿದ್ದರೆ ಮಿಮಿಕ್ರಿ ಮಾಡುವವರಿಗೆ ಹಬ್ಬ.

ಊಟವಾದ ಮೇಲೆ ವಿನೋದಿನಿಯನ್ನು ಎಬ್ಬಿಸಿದರು. ಬಸ್ ಡ್ರೈವರ್ ಆಯಿತು, ವೀಸಾ ಕೌಂಟರಿನ ಹೆಂಗಸಾಯಿತು, ಅಂಗಡಿಯ ಮಾತಾಡುವ ಯಂತ್ರವಾಯಿತು. ಹಿಂದಿನ ಸಾಲಿನಿಂದ ಯಾರೋ ಜನಗಣತಿಯದ್ದು ಮಾಡು ಎಂದರು.

ಬೇಡ ಎಂದಳು. ಒಂದೇ ಒಂದು ಎಂದರು. ಹೆಸರು ಹೇಳದಿದ್ದರೆ ಆಯಿತಲ್ಲ ಎಂದರು.

ಹೌದಲ್ಲ... ಹೆಸರು ಹೇಳದಿದ್ದರೆ ಆಯಿತಲ್ಲ...

ಮುದುಕನ ನಾಯಿ ಬಂತು. ಸಭಾಂಗಣ ನಡುಗುವಷ್ಟು ನಗು. ಬೀಟ್‌ರೂಟ್ ಅಜ್ಜಿ ಬಂದಳು. ಮೇರಿ ಆಂಟಿ ಕಣ್ಣೊರೆಸಿಕೊಂಡರು. ಇನ್ನೊಂದು, ಇನ್ನೊಂದು ಎಂದು ಚಪ್ಪಾಳೆ. ಐದು ತಿಂಗಳು ಎಲ್ಲ ಕಡೆಯಿಂದಲೂ 'ಕ್ಷಮಿಸಿ, ಈ ಸಲ ಆಗಲಿಲ್ಲ' ಎಂಬ ಈಮೇಲುಗಳನ್ನೇ ಓದಿದ್ದ ಹುಡುಗಿ ಚಪ್ಪಾಳೆಗೆ ಮೇಲೇರಿದಳು. ಅವನಂತೂ ಇಲ್ಲಿಗೆ ಬರುವುದೇ ಇಲ್ಲ. ಇಲ್ಲಿ ಯಾರಿಗೂ ಅವನು ಗೊತ್ತಿಲ್ಲ.

ಕಿವಿಯ ಹಿಂದೆ ತುರಿಸಿಕೊಂಡಳು. ಗಂಟಲು ಸರಿಮಾಡಿಕೊಂಡಳು.

"ಅಲ್ಲ ಮಾರಾಯ್ತಿ... ರಾತ್ರಿ ನನ್ನ ಹಾಸಿಗೆಯಲ್ಲಿ ಬೇರೆಯವ ಇದ್ದ. ಹಾಗಾದ್ರೆ ನಾನು ಎಲ್ಲಿದ್ದೆ ಅಂತ ಬರೀಲಿಕ್ಕೆ?"

ಬೆಂಗಳೂರಿನವರಿಗೆ ಮಂಗಳೂರಿನ ಕನ್ನಡ ಕೇಳಿದರೆ ಸಾಕು, ಅರ್ಧ ನಗು ಪುಕ್ಕಟೆ. ಉಳಿದರ್ಧವನ್ನು ಹಾಸಿಗೆ ಕೊಟ್ಟಿತು. ಹಾಸಿಗೆಗೇ ಡಬಲ್ ಶಿಫ್ಟಾ ಎಂದರು ಯಾರೋ. ಮೇರಿ ಆಂಟಿಯ ನಗು ಎಲ್ಲರಿಗಿಂತ ಜೋರಾಗಿತ್ತು. ಆ ನಗುವಿನ ಕಡೆ ತಿರುಗಿ, ಅವರಿಗೋಸ್ಕರವೇ ಎಂಬಂತೆ, ವಿನೋದಿನಿ ಇನ್ನೊಂದು ಸಾಲು ಸೇರಿಸಿದಳು.

"ಅಮ್ಮನಿಗೆ ಹೇಳ್ಬೇಡ ಆಯ್ತಾ. ಕಿಟಕಿಯಿಂದ ಮರ ಕಾಣ್ತದೆ ಅಂತ ಹೇಳಿದ್ದೇನೆ."

ಎಲ್ಲರೂ ನಕ್ಕರು. ಮೇರಿ ಆಂಟಿ ನಗಲಿಲ್ಲ.

ನಗುವಿಗೆ ತೆರೆದ ಬಾಯಿ ಹಾಗೇ ಇತ್ತು. ಮೆಲ್ಲಗೆ ಮುಚ್ಚಿಕೊಂಡಿತು. ಜಾಕೆಟ್ಟಿನ ಜೇಬಿನಿಂದ ಫೋನು ತೆಗೆದು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಅಡುಗೆಕೋಣೆಯ ಕಡೆಗೆ ಹೋದರು. ಚಪ್ಪಾಳೆ ನಿಂತ ಮೇಲೆ ನೀರು ಕುಡಿಯಲೆಂದು ವಿನೋದಿನಿ ಅತ್ತ ಹೋದಾಗ ಅವರು ಸಿಂಕಿನ ಮುಂದೆ ಬೆನ್ನು ಹಾಕಿ ನಿಂತು ಕೊಂಕಣಿಯಲ್ಲಿ ಮಾತಾಡುತ್ತಿದ್ದರು. ಕೊಂಕಣಿ ಅವಳಿಗೆ ಬಾರದು.

ಆದರೆ 'ಲಾಯ್ಡ್' ಎಂಬ ಹೆಸರಿಗೆ ಅನುವಾದ ಬೇಕಿರಲಿಲ್ಲ.

ಅವಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಮೇರಿ ಆಂಟಿ ಒಂದು ಪ್ರಶ್ನೆ ಕೇಳಿದರು. ಸುಮ್ಮನೆ ಕಾದರು. ಮತ್ತೆ ಅದೇ ಪ್ರಶ್ನೆ ಕೇಳಿದರು. ಆಚೆ ಕಡೆಯಿಂದ ಉತ್ತರ ಬರುತ್ತಿಲ್ಲವೆಂದು ಅವರ ಭುಜ ನೋಡಿದರೆ ಗೊತ್ತಾಗುತ್ತಿತ್ತು. ಬಾಗಿಲಲ್ಲಿ ಬಂದು ನಿಂತ ಲವೀನಾ ಚಿಕ್ಕಮ್ಮನನ್ನು ನೋಡಿದಳು, ವಿನೋದಿನಿಯನ್ನು ನೋಡಿದಳು.

"ಅದು ನಮ್ಮ ಲಾಯ್ಡಾ? ನನಗೂ ಮನೆಗೆ ಪೇಂಟ್ ಹೊಡೀತಿದ್ದಾರೆ ಅಂತ ಹೇಳಿದ್ದಾನಲ್ಲ, ಅದಕ್ಕೇ ಅವನ ಅಮ್ಮನನ್ನು ನನ್ನಲ್ಲಿ ಉಳಿಸಿದ್ದು..."

ವಿನೋದಿನಿಗೆ ಅದುವರೆಗೆ ಬಾರದ ದನಿ ಇರಲಿಲ್ಲ. ಆಗ ತನ್ನದೇ ಬರಲಿಲ್ಲ.

ಸಭಾಂಗಣದಲ್ಲಿ ಇನ್ನೂ ಯಾರೋ ಅವಳ ಸಾಲನ್ನೇ ಹೇಳಿಕೊಂಡು ನಗುತ್ತಿದ್ದರು. ನೂರು ವರ್ಷ ಮುಚ್ಚಿಡಬೇಕಾದ ಮಾತನ್ನು ಅವಳು ಮೂರು ವಾರವೂ ಇಟ್ಟುಕೊಳ್ಳಲಿಲ್ಲ.

* * *

ಮರುದಿನ ಮಧ್ಯಾಹ್ನ ಅವನ ಬಾಗಿಲಿಗೆ ಹೋದಳು. ಚೀಲವಿಲ್ಲದೆ, ಗುರುತಿನ ಚೀಟಿಯಿಲ್ಲದೆ. ಬಾಗಿಲು ತೆರೆದವನು ಎಡ್ಸನ್. ಅವನಿಗೂ ವಿಷಯ ಗೊತ್ತಾಗಿತ್ತು. ಲಾಯ್ಡ್ ಬೆಳಿಗ್ಗೆಯಿಂದ ಮಲಗಿಲ್ಲ, ಮಂಚ ಖಾಲಿ ಇದ್ದರೂ ಮೆಟ್ಟಿಲ ಮೇಲೆ ಕೂತಿದ್ದಾನೆ ಎಂದು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿ ಪಕ್ಕಕ್ಕೆ ಸರಿದ. ಎಡ್ಸನ್ ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಅವನು ಅವಳ ಮುಖವನ್ನೇ ನೋಡಲಿಲ್ಲ. ಆ ಮಂಚದ ಅರ್ಧ ಅವನದ್ದೂ ಅಲ್ಲವೇ... ನಗೆಯ ಅರ್ಧವೂ ಅವನ ಮೇಲೆಯೇ ಬಿದ್ದಿತ್ತು.

ಲಾಯ್ಡ್ ಎದ್ದು ಬಂದ. ಕಣ್ಣು ಕೆಂಪಗಿತ್ತು. ದನಿ ಮಾತ್ರ ತಣ್ಣಗಿತ್ತು.

"ಫಾರ್ಮು ಪೋಸ್ಟಿಗೆ ಹಾಕ್ತೇನೆ. ನೀವು ಬರುದು ಬೇಡ."

ನೀವು...

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಕನ್ನಡದಲ್ಲಿ ಒಬ್ಬರನ್ನು ದೂರ ತಳ್ಳಲು ಬೈಗುಳವೇ ಬೇಕಿಲ್ಲ, ಮರ್ಯಾದೆ ಕೊಟ್ಟರೆ ಸಾಕು.

"ಹೆಸರು ಹೇಳಿರಲಿಲ್ಲ ಲಾಯ್ಡ್. ನಿನ್ನ ಅಮ್ಮ ಅಂತ ನನಗೆ..."

"ಬೇರೆ ಯಾರದ್ದೋ ಅಮ್ಮ ಆಗಿದ್ರೆ ನಡೀತಿತ್ತಾ?"

ನಡೆಯುತ್ತಿತ್ತು. ಅದು ನಿಜ. ಬೇರೆ ಯಾರದ್ದೋ ಅಮ್ಮ ಆಗಿದ್ದರೆ ಅವಳು ಈಗ ನಿನ್ನೆಯ ಚಪ್ಪಾಳೆಯನ್ನು ನೆನೆದುಕೊಂಡು ಚಹಾ ಕುಡಿಯುತ್ತಿರುತ್ತಿದ್ದಳು. ಬೀಟ್‌ರೂಟ್ ಅಜ್ಜಿಯ ನೆನಪಾಯಿತು. ಆ ಸಾರಿನ ಋಣಕ್ಕೆ ತಾನು ಏನು ಕೊಟ್ಟೆ...

ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

ಸೋಮವಾರ ಬೆಳಿಗ್ಗೆ ಅವಳೇ ಹೋಗಿ ಬ್ರೀಡ್‌ಗೆ ಎಲ್ಲ ಹೇಳಿದಳು. ಮನೆ ನಂಬರು, ಹೆಸರು ಬಿಟ್ಟು ಉಳಿದದ್ದೆಲ್ಲ. ನಾಯಿಯದ್ದು, ಅಜ್ಜಿಯದ್ದು, ಹಾಸಿಗೆಯದ್ದು. ಯಾರೂ ದೂರು ಕೊಟ್ಟಿಲ್ಲವಲ್ಲ, ನೀನಾಗೇ ಯಾಕೆ ಹೇಳುತ್ತಿದ್ದೀಯ ಎಂದು ಬ್ರೀಡ್ ಕೇಳಿದಳು. ನಾಳೆ ಇನ್ನೊಂದು ಬಾಗಿಲು ತಟ್ಟಿ 'ನಿಮ್ಮ ಮಾತು ಹೊರಗೆ ಹೋಗುವುದಿಲ್ಲ' ಎಂದು ಹೇಳಲು ತನ್ನಿಂದಾಗದು ಎಂದಳು ವಿನೋದಿನಿ.

ಒಳಗೊಳಗೆ ಒಂದು ಆಸೆಯೂ ಇತ್ತು, ಸುಳ್ಳೇಕೆ. ಬ್ರೀಡ್ ಎಂದಿನಂತೆ 'ಗ್ರ್ಯಾಂಡ್' ಎಂದುಬಿಡಬಹುದು, ಬೆನ್ನು ತಟ್ಟಿ ಕಳಿಸಬಹುದು ಎಂದು.

ಬ್ರೀಡ್ ಹಾಗೆನ್ನಲಿಲ್ಲ. ಕನ್ನಡಕ ತೆಗೆದಿಟ್ಟಳು. ಮೇಲಿನವರಿಗೆ ತಿಳಿಸಲೇಬೇಕಾಗುತ್ತದೆ ಎಂದಳು. ಚೀಲ, ಫೋನು, ಗುರುತಿನ ಚೀಟಿ ಮೇಜಿನ ಮೇಲೆ ಬಂದವು. ಇನ್ನೂ ಹನ್ನೆರಡು ದಿನದ ಕೆಲಸ ಬಾಕಿಯಿತ್ತು. ಹೊರಗೆ ಬಂದಾಗ ಕತ್ತು ಹಗುರವಾಗಿತ್ತು, ಆದರೆ ತಲೆ ಎತ್ತಲಾಗಲಿಲ್ಲ.

* * *

ಇನ್ನೊಬ್ಬರಿಗೂ ಮುಖ ತೋರಿಸಬೇಕಿತ್ತು. ಅದಕ್ಕೆ ಎರಡು ದಿನ ಬೇಕಾಯಿತು. ಲವೀನಾ ಅಕ್ಕ ಡ್ಯೂಟಿಗೆ ಹೋಗುವ ಹೊತ್ತು ನೋಡಿ ಅವಳ ಮನೆಗೆ ಹೋದಳು.

ಮೇರಿ ಆಂಟಿ ಅಡುಗೆಮನೆಯ ಮೇಜಿನಲ್ಲಿ ಕುಚ್ಚಲಕ್ಕಿ ಆರಿಸುತ್ತಿದ್ದರು. ಈ ದೇಶದ ಅಕ್ಕಿಯಲ್ಲಿ ಕಲ್ಲಿರುವುದಿಲ್ಲ. ಆದರೂ ಆರಿಸುತ್ತಿದ್ದರು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ವಿನೋದಿನಿ ಎದುರಿನ ಕುರ್ಚಿಯನ್ನು ಹಿಡಿದುಕೊಂಡು ನಿಂತೇ ಮಾತಾಡಿದಳು. ತಪ್ಪಾಯ್ತು ಎಂದಳು. ಎರಡನೇ ಸಲ ಹೇಳುವಾಗ ಅತ್ತಳು.

"ನೀನು ಹೇಳಿದ್ದಿ. ನಾನು ನಕ್ಕಿದ್ದೇನೆ," ಎಂದರು ಮೇರಿ ಆಂಟಿ, ಅಕ್ಕಿಯಿಂದ ಕಣ್ಣೆತ್ತದೆ. "ಹಾಸಿಗೆ ಇಲ್ಲದವ ಅಂತ ಎಲ್ಲರಿಗಿಂತ ಜೋರು ನಾನೇ ನಕ್ಕದ್ದು. ಅವ ನನ್ನ ಮಗ ಅಂತ ಗೊತ್ತಾದ ಮೇಲೆ ನಗು ನಿಂತಿತು. ಮೊದಲೇ ನಿಲ್ಬೇಕಿತ್ತಲ್ಲ ಮಗಾ... ನಿನ್ನೊಬ್ಬಳದ್ದೇ ತಪ್ಪು ಅಂತ ಹೇಳ್ಲಿಕ್ಕೆ ನನಗೆ ಬಾಯಿಲ್ಲ."

ವಿನೋದಿನಿ ಕುರ್ಚಿಯಲ್ಲಿ ಕುಸಿದಳು. ಬೈಸಿಕೊಳ್ಳಲು ಬಂದವಳಿಗೆ ಇದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಮೇರಿ ಆಂಟಿ ಮೊರದಂತೆ ಹಿಡಿದಿದ್ದ ತಟ್ಟೆಯನ್ನು ಕೆಳಗಿಟ್ಟರು. ಮಗ ಎಷ್ಟು ಕೇಳಿದರೂ ಮನೆ ತೋರಿಸುತ್ತಿಲ್ಲ, ಲವೀನಾಗೂ ವಿಳಾಸ ಗೊತ್ತಿಲ್ಲ ಎಂದರು. ಹತ್ತು ದಿನದಲ್ಲಿ ತಾನು ಊರಿಗೆ ಹೊರಡಬೇಕು. ಮಗ ಎಲ್ಲಿ ಮಲಗುತ್ತಾನೆಂದು ನೋಡದೆ ವಿಮಾನ ಹತ್ತಲಾರೆ.

"ನಿನಗೆ ಮನೆ ಗೊತ್ತುಂಟಲ್ಲ. ನನ್ನನ್ನು ಕರ್ಕೊಂಡು ಹೋಗು."

ಎಷ್ಟು ಸುಲಭ! ಆ ಮನೆ ಇಲ್ಲಿಂದ ಹದಿನೈದು ನಿಮಿಷದ ನಡಿಗೆ. ಈ ತಾಯಿಗೆ ತಾನು ಏನನ್ನಾದರೂ ಕೊಡಬೇಕೆಂದಿದ್ದರೆ ಇದಕ್ಕಿಂತ ಬೇರೇನಿದೆ? ಅವರೇ ಕೇಳುತ್ತಿದ್ದಾರೆ. ಕೈಯೊಡ್ಡಿ ಕೇಳುತ್ತಿದ್ದಾರೆ...

"ಆಗಲ್ಲ ಆಂಟಿ."

ಮೇರಿ ಆಂಟಿಯ ಹುಬ್ಬು ಗಂಟಾಯಿತು.

"ಆ ಬಾಗಿಲನ್ನ ನಾನು ಒಂದು ಸಲ ಊರಿಗೆಲ್ಲ ತೆರೆದಿಟ್ಟಿದ್ದೀನಿ. ಇನ್ನೊಂದು ಸಲ ತೆರೆಯೋದಾದ್ರೆ ಅವನೇ ತೆರೀಬೇಕು. ನೀವು ಎಷ್ಟು ಬೈದ್ರೂ ಬೈಸ್ಕೋತೀನಿ. ಮನೆ ಮಾತ್ರ ಹೇಳಲ್ಲ."

ಅವರು ನಿಜಕ್ಕೂ ಬೈದರು. ಅಷ್ಟು ಜನರ ಮುಂದೆ ಹೇಳುವಾಗ ಇಲ್ಲದ ಗುಟ್ಟು ಹೆತ್ತವಳ ಮುಂದೆ ಎಲ್ಲಿಂದ ಬಂತು ಎಂದು ಕೇಳಿದರು. ಬೀದಿಯ ಹೆಸರಾದರೂ ಹೇಳು ಎಂದರು. ವಿನೋದಿನಿ ತಲೆ ತಗ್ಗಿಸಿ ಕೂತಳು. ಪ್ರತಿ ಮಾತೂ ನಾಟುತ್ತಿತ್ತು. ಬಾಯಿ ಮಾತ್ರ ತೆರೆಯಲಿಲ್ಲ. ಕಡೆಗೆ ಅವರು ಅಕ್ಕಿಯ ತಟ್ಟೆಯನ್ನು ಮತ್ತೆ ಎಳೆದುಕೊಂಡರು. ಅವಳನ್ನು ಬಾಗಿಲವರೆಗೆ ಕಳಿಸಲು ಏಳಲಿಲ್ಲ.

* * *

ಅದಾದ ಒಂಬತ್ತನೇ ದಿನ ಸಂಜೆ ಫೋನಿನಲ್ಲಿ ಲಾಯ್ಡ್‌ನದ್ದು ಒಂದೇ ಸಾಲು ಬಂತು. 'ಎಲ್ಲಿದ್ದಿ?'

ಕ್ಯಾಸಲ್‌ಟೌನ್ ನದಿಯ ದಂಡೆಯಲ್ಲಿದ್ದೇನೆ ಎಂದು ಬರೆದಳು. ಆ ದಿನಗಳಲ್ಲಿ ಅವಳು ದಿನಾ ಅಲ್ಲಿಗೇ ಹೋಗುತ್ತಿದ್ದಳು. ಕನ್ನಡದವರು ಅತ್ತ ವಾಕಿಂಗಿಗೆ ಬರುವುದು ಕಡಿಮೆ. ಕೂಟದ ವಾಟ್ಸಾಪ್ ಗುಂಪಿನಲ್ಲಿ ತಾನು ಮಾಡಿದ್ದು ತಪ್ಪು, ಅದನ್ನು ಯಾರೂ ಇನ್ನೊಬ್ಬರಿಗೆ ಹೇಳಿ ನಗಬೇಡಿ ಎಂದು ಬರೆದು ಹೊರಬಂದಿದ್ದಳು. ನಾಯಿಯ ಮುದುಕನ ಬಾಗಿಲಿಗೂ ಅಜ್ಜಿಯ ಬಾಗಿಲಿಗೂ ಹೋಗಿ ತಪ್ಪೊಪ್ಪಿಕೊಂಡಿದ್ದಳು. ಮುದುಕ ನಕ್ಕುಬಿಟ್ಟಿದ್ದ. ಅಜ್ಜಿಗೆ ಎಷ್ಟು ಅರ್ಥವಾಯಿತೋ, ಆ ದಿನ ಸಾರು ಕೊಡಲಿಲ್ಲ.

ಸಮುದ್ರದ ಇಳಿತದ ಹೊತ್ತು. ನದಿ ಹಿಂದೆ ಸರಿದು ಕೆಸರು ಹೊಳೆಯುತ್ತಿತ್ತು. ಲಾಯ್ಡ್ ಕೆಲಸದ ನೀಲಿ ಅಂಗಿಯ ಮೇಲೆ ಕೋಟು ಹಾಕಿಕೊಂಡು ದಂಡೆಯ ಮೇಲೆ ಬರುವುದು ದೂರದಿಂದಲೇ ಕಂಡಿತು. ಓಡಿಹೋಗಲೇ ಎನ್ನಿಸಿತು. ಅವನ ಕಡೆಗೋ ವಿರುದ್ಧ ಕಡೆಗೋ ಗೊತ್ತಾಗದೆ ಅಲ್ಲೇ ನಿಂತಳು.

ಅವನು ಬಂದು ಪಕ್ಕದಲ್ಲಿ ನಿಂತ. ಕೆಸರನ್ನು ನೋಡುತ್ತಲೇ ಮಾತಾಡಿದ. ಗಣತಿಗೆ ಹೊಸಬನೊಬ್ಬ ಬಂದಿದ್ದ, ಅವಳೆಲ್ಲಿ ಎಂದು ಲಾಯ್ಡ್ ಕೇಳಿದ್ದಕ್ಕೆ, ಅವಳಾಗೇ ತಪ್ಪೊಪ್ಪಿಕೊಂಡು ಕೆಲಸ ಬಿಟ್ಟು ಹೋದಳು ಎಂದನಂತೆ. ನಿನ್ನೆ ಅಮ್ಮನನ್ನು ಮನೆಗೆ ಕರೆದುಕೊಂಡು ಹೋಗಿದ್ದೆ ಎಂದ. ಎಡ್ಸನ್ ರಜೆ ಹಾಕಿ ಅನ್ನಕ್ಕೆ ತನ್ನೂರಿನ ಕಪ್ಪು ಬೀನ್ಸ್ ಕಾಳು ಬೇಯಿಸಿದ್ದ. ಅಮ್ಮ ಮಂಚದ ಮೇಲೆ ಕೂತು, ಹಾಸು ಒತ್ತಿ ನೋಡಿ, ಇಬ್ಬರು ಮಲಗಿ ಮಲಗಿ ನಡುವೆ ಗುಂಡಿಯಾಗಿದೆ, ತಿರುಗಿಸಿ ಹಾಕಿ ಎಂದರಂತೆ. ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡಿದರಂತೆ. ಮರ ಎಲ್ಲಿ ಎಂದು ಕೇಳಲಿಲ್ಲವಂತೆ.

"ಅದೇ ಕೇಳ್ಬೇಕಿತ್ತು. ಕೇಳ್ಲಿಲ್ಲ..." ಅವನ ದನಿ ಒಡೆಯಿತು. "ಎರಡು ವರ್ಷ ಸುಳ್ಳು ಹೇಳಿದ್ದು ನಾನು. ನೀನು ಐದು ನಿಮಿಷ ನಿಜ ಹೇಳಿದ್ದಿ."

"ನಿಜ ಹೇಳಲಿಲ್ಲ ಲಾಯ್ಡ್. ನಗಿಸ್ದೆ. ಎರಡೂ ಒಂದೇ ಅಂತ ನೀನು ನನಗೋಸ್ಕರ ಮಾಡ್ಬೇಡ."

ಅವನು ಮೊದಲ ಸಲ ಅವಳ ಕಡೆ ತಿರುಗಿದ.

"ಹೌದು. ಆ ನೋವು ಇನ್ನೂ ಉಂಟು," ಎಂದ. "ಆದ್ರೆ ಅಮ್ಮ ಅಷ್ಟು ಬೈದ್ರೂ ನೀನು ಬೀದಿ ಹೆಸರು ಕೂಡ ಹೇಳ್ಲಿಲ್ಲವಂತೆ. ನೀನು ಬಂದು ಹೋದ ದಿನದಿಂದ ಅಮ್ಮ ಅದನ್ನೇ ಹೇಳ್ತಿದ್ದಾಳೆ. ಗುಟ್ಟು ಇಡ್ಲಿಕ್ಕೆ ಕಲ್ತಿದ್ದಾಳೆ, ಈಗ ಹೋಗಿ ಮಾತಾಡು ಅಂತ."

ವಿನೋದಿನಿಯ ಕಣ್ಣು ತುಂಬಿತು. ಹೇಳಬೇಕಾದದ್ದು ಇನ್ನೊಂದಿತ್ತು. ಅದು ಉಳಿದೆಲ್ಲದಕ್ಕಿಂತ ನಾಚಿಕೆಯದ್ದು.

"ಅಮ್ಮಂಗೇ ಗೊತ್ತಾಗೋ ಅಷ್ಟು ಸರಿಯಾಗಿ ನಿನ್ನ ದನಿ ನನಗೆ ಹೇಗೆ ಬಂತು ಗೊತ್ತಾ? ರೂಮಲ್ಲಿ ಒಬ್ಬಳೇ ಇದ್ದಾಗ... ದಿನಾ ಮಾತಾಡ್ತಿದ್ದೆ. ನಿನ್ನ ದನೀಲಿ. ನಗಿಸೋಕಲ್ಲ. ನೀನು ಇದ್ದ ಹಾಗೆ ಇರಲಿ ಅಂತ."

ಗಾಳಿಗೆ ಅವನ ಕೋಟು ಪಟಪಟ ಎಂದಿತು. ಅವನ ಕಿವಿ ಮೆಲ್ಲಗೆ ಕೆಂಪಾಗುತ್ತಿತ್ತು.

"ನನ್ನ ಸ್ವರದಲ್ಲಿ ಎಂತ ಮಾತಾಡ್ತಿದ್ದಿ?"

"ಊಟ ಆಯ್ತಾ ಅಂತ ಕೇಳ್ತಿದ್ದೆ."

"ಮತ್ತೆ?"

"ಅಷ್ಟೇ. ಯಾರೂ ಕೇಳೋರು ಇರಲಿಲ್ಲ, ಅದಕ್ಕೆ."

ಅವನು ಒಂದು ಹೆಜ್ಜೆ ಹತ್ತಿರ ಬಂದ. ತಣ್ಣಗಾಗಿದ್ದ ಅವಳ ಕೈಯನ್ನು ತೆಗೆದುಕೊಂಡು, ತನ್ನ ಕೈಯ ಜೊತೆಗೇ ಕೋಟಿನ ಜೇಬಿನಲ್ಲಿ ಇಟ್ಟುಕೊಂಡ.

"ಊಟ ಆಯ್ತಾ ವಿನು?"

ಅವಳು ತಲೆಯಾಡಿಸಿದಳು. ಆಗಿರಲಿಲ್ಲ.

"ನನ್ನದೂ ಆಗ್ಲಿಲ್ಲ," ಎಂದ. "ಬಾ. ಡ್ಯೂಟಿಗೆ ಇನ್ನೂ ಒಂದು ಗಂಟೆ ಉಂಟು."